ಎದುರುಮನೆಯಾಕೆಯಿಂದ ಕೊಡಿಸಿದ ಆಯೇರಿ

ಅಂದು ಬೆಳಗಿನಿಂದ ಮಾಡಿದ ಕೆಲಸಗಳು ಇವು: ನಳ ಬಂದಿತ್ತು, ಹಂಡೆ ತುಂಬಿಸಿದೆ. ರೊಟ್ಟಿ ಬಡಿದೆ. ಬದನೆಕಾಯಿ ಎಣ್ಣೆಗಾಯಿಗಿಟ್ಟೆ. ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು, ಬಟ್ಟೆಗೆ ಕಲೆ ಹತ್ತದಿರಲೆಂದು ಮೊದಲು ಚಿಂದಿಯ ಮೇಲೆ ಓಡಿಸಿ ನೋಡಿದೆ. ಇಬ್ಬರ ಜಂಪರಿಗೆ ಹುಕ್ಕು ಹಚ್ಚಿದೆ. ನಮ್ಮವರಿಗೆ ಇನ್ನೊಂದು ಸಲ ಚಹಾ ಮಾಡಿಕೊಟ್ಟೆ. ಅವರು ಕಪ್ಪನ್ನು ಕಟ್ಟೆಯ ಮೇಲೆಯೇ ಬಿಟ್ಟದ್ದಕ್ಕೆ ಮನಸ್ಸಿನಲ್ಲೇ ಬೈದೆ. ಮಧ್ಯಾಹ್ನ ಜಮಖಂಡಿಯ ಅಕ್ಕೋರು ಆಟೊದಿಂದ ಇಳಿಸಿದ ಎರಡು ಗಂಟು ಬಟ್ಟೆ ಬಿಚ್ಚಿ, ಪ್ಯಾಂಟು ಒಂದು ಕಡೆ, ಅಂಗಿ ಒಂದು ಕಡೆ, ಬೂಟು ಬಾಗಿಲ ಹೊರಗೆ ಜೋಡಿಸಿದೆ.

ಅಕ್ಕೋರು ನಿವೃತ್ತ ಶಿಕ್ಷಕಿ. ಅವರ ಮನೆತನದಲ್ಲಿ ಎಲ್ಲರೂ ನೌಕರಿಯವರು. ಒಬ್ಬರು ಕೋರ್ಟಿನಲ್ಲಿ, ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಕಾಲೇಜಿನಲ್ಲಿ. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ನಮ್ಮ ಬನಹಟ್ಟಿಯಲ್ಲಿ ಒಂದೊಂದೇ ಪಾವರ್‌ಲೂಮ್ ಗುಜರಿಗೆ ಹೋಗಿ, ಮಗ್ಗದ ಗಂಡಸರು ಮನೆ ಹಿಡಿದು ಕೂತಿದ್ದರು. ಕೆಲಸ ಎಲ್ಲೂ ಇರಲಿಲ್ಲವೆಂದಲ್ಲ. ಜಮಖಂಡಿಯ ದೊಡ್ಡ ಅಂಗಡಿಗಳಿಗೆ, ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಜನ ಬೇಕಾಗಿದ್ದರು. ಅಲ್ಲಿ ಹೋಗಿ ನಿಲ್ಲಲು ಪ್ಯಾಂಟು ಬೇಕು, ಒಳಗೆ ಸೇರಿಸಿದ ಅಂಗಿ ಬೇಕು, ಕಾಲಲ್ಲಿ ಬೂಟು ಬೇಕು. ಮಗ್ಗದ ಶೆಖೆಯಲ್ಲಿ ಬನಿಯನ್-ಚಡ್ಡಿಯಲ್ಲೇ ಆಯುಷ್ಯ ತೆಗೆದವರ ಬಳಿ ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಬಿಟ್ಟರೆ ಇನ್ನೊಂದು ಇರಲಿಲ್ಲ.

"ಮೈಮ್ಯಾಲ ಅರಿವಿ ಛಲೋ ಇದ್ರ ಮಾತೂ ಛಲೋ ಬರ್ತದ," ಅಂದರು ಅಕ್ಕೋರು. "ನಮ್ಮ ಮಂದಿ ಕಪಾಟಿನ್ಯಾಗ ಹಾಕ್ಕೊಳ್ಳಲಾರದ್ದು ರಗಡ ಅದ. ನಾ ತರ್ತೀನಿ, ನೀ ಅವರ ಮೈಗೆ ಕೂಡಸು."

ನಮ್ಮವರೂ ಮಗ್ಗದವರೇ. ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಇಡೀ ಶೆಡ್ಡು ಗದ್ದಲ ಮಾಡುತ್ತಿರುವಾಗ ಯಾವ ಮಗ್ಗದ ಸದ್ದು ತಪ್ಪಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ಸಾವ್ಕಾರರು ಮಗ್ಗ ಮಾರಿದ ಮೇಲೆ ಕಟ್ಟೆಯೇ ಅವರ ಶೆಡ್ಡು. ಮೊದಲ ಗಂಟು ಬಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಊರಿನ ಗಂಡಸರಲ್ಲ, ಈ ಒಬ್ಬ ಗಂಡಸು.

ಕೆಲಸ ಅಂದುಕೊಂಡಷ್ಟು ಹಗುರಾಗಿರಲಿಲ್ಲ. ನೌಕರಿಯವರ ಹೊಟ್ಟೆ ಮುಂದಕ್ಕೆ, ಮಗ್ಗದವರ ಹೊಟ್ಟೆ ಬೆನ್ನಿಗೆ. ಪ್ಯಾಂಟಿನ ಸೊಂಟ ಇಳಿಸಲು ಹಿಂದಿನ ಹೊಲಿಗೆ ಬಿಚ್ಚಿ ಒಳಗೆ ಹಿಡಿದರಾಯಿತು ಎಂದು ಹೇಳುವವರು ಬಹಳ. ಎರಡು ಇಂಚಿನ ತನಕ ಅದು ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹಿಡಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಮುಖ ಹಚ್ಚಿ ನಿಲ್ಲುತ್ತವೆ, ನೋಡಿದವರಿಗೆ ಮಂದಿಯ ಪ್ಯಾಂಟು ಎಂದು ಗೊತ್ತಾಗಿಬಿಡುತ್ತದೆ. ಆಗ ಸೊಂಟದ ಪಟ್ಟಿಯನ್ನೇ ಕಿತ್ತು, ಎರಡೂ ಮಗ್ಗುಲಿನಿಂದ ಹಿಡಿದು, ಪಟ್ಟಿ ಕತ್ತರಿಸಿ ಮತ್ತೆ ಕೂಡಿಸಬೇಕು. ಸವೆದ ಕಾಲರ್ ಬಿಚ್ಚಿ, ತಿರುವಿ, ಸವೆದ ಬದಿ ಕೆಳಗೆ ಬರುವಂತೆ ಹಾಕಬೇಕು. ಕಾಲಿನ ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಹಳೆಯ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗುವುದಿಲ್ಲ. ಅದಕ್ಕೆ ಉದ್ದ ಗಂಡಸರಿಗೆ ಉದ್ದ ಸಾಹೇಬರ ಪ್ಯಾಂಟೇ ಹುಡುಕಬೇಕು.

ಮೊದಲು ಬಂದವನು ಎದುರುಮನೆಯಾಕೆಯ ಗಂಡ. ಅವನಿಗೆ ಸಂಕೋಚವೆಂಬುದು ಇಲ್ಲ.

"ಅಕ್ಕಾ, ಜೇಬಿನ್ಯಾಗ ಸಾಹೇಬರು ಏನರ ಮರತು ಬಿಟ್ಟಾರೇನ ನೋಡಿದ್ರಿಲ್ಲೋ?"

"ನೋಡೇನಿ. ಒಂದ ಬಸ್ ಟಿಕೇಟ್ ಇತ್ತು."

"ಅದನ್ನರ ಇಡ್ರಿ, ಜಮಖಂಡಿಗೆ ಹೋಗಾಕ ಬೇಕಾಗತೈತಿ."

ಪಟ್ಟಿ ಕತ್ತರಿಸಿ ಕೂಡಿಸಿದ ಮೇಲೆ ಅವನ ಸೊಂಟ ಸರಿಯಾಗಿ ಕೂತಿತು. ಕಂದು ಪ್ಯಾಂಟು, ಕೆನೆಬಣ್ಣದ ಅಂಗಿ. ಜಮಖಂಡಿಯ ಒಂದು ಸೀರೆ ಅಂಗಡಿಯಲ್ಲಿ ನಿಂತ. ಸೀರೆ ಬಿಚ್ಚಿ ತೋರಿಸುವ ಕೆಲಸ, ಬಾಯಿ ಇದ್ದವನು, ಅದೇ ವಾರ ಹತ್ತಿದ. ಓಣಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ನಾನು ನಕ್ಕೆ.

ಆದರೆ ಬೆಳಗಾದರೆ ಎದುರುಮನೆಯಲ್ಲಿ ಡಬ್ಬಿಯ ಮುಚ್ಚಳ ಹಾಕುವ ಸದ್ದು. ಆಮೇಲೆ ಅವಳು ಬಾಗಿಲಿಗೆ ಬಂದು, ಬೇಕೆಂದೇ ಗಟ್ಟಿಯಾಗಿ, "ಸಂಜಿಗೆ ಲಗೂನ ಬರ್ರಿ" ಅನ್ನುವಳು. ಅವನು ನನ್ನ ಮಷಿನ್ನಿನ ಮುಂದಿನಿಂದಲೇ ನಡೆದುಹೋಗುವನು. ನಾನು ಹಾಕಿದ ಹೊಲಿಗೆ ಅವಳ ಮನೆಯ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಿತ್ತು. ರವಿವಾರ ಆ ಪ್ಯಾಂಟು ಅವಳ ಹಗ್ಗದ ಮೇಲೆ ಒಣಗುವಾಗ, ಸೊಂಟದ ಪಟ್ಟಿಯಲ್ಲಿ ನಾನು ಕೂಡಿಸಿದ ಜಾಗ ಇಲ್ಲಿಂದಲೇ ಕಾಣುತ್ತಿತ್ತು. ಅವಳ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ವಾಸನೆಯಿಂದ ತಿಳಿದುಕೊಳ್ಳುವುದು ನನಗೆ ಚಟವಾಯಿತು. ಅವಳ ಮನೆಯಲ್ಲಿ ಶೇಂಗಾ ಹೋಳಿಗೆಯಾದರೆ ನನಗೆ ಅಂದು ಊಟ ಸೇರುತ್ತಿರಲಿಲ್ಲ.

ಎರಡನೆಯವನು ಚಿಮ್ಮಡದಿಂದ ಬಂದ. ಇಲ್ಲಿಯ ಮಗ್ಗದಲ್ಲೇ ದುಡಿದವನು, ಮಾತು ಕಡಿಮೆ. ಅವನಿಗೆ ಕೋರ್ಟಿನ ಗುಮಾಸ್ತರೊಬ್ಬರ ನೀಲಿ ಗೆರೆಯ ಅಂಗಿ ಸರಿಹೊಂದಿತು. ಕಾಲರ್ ತಿರುವಿ, ತೋಳು ಇಳಿಸಿ, ಹೊಸದರಂತೆ ಮಾಡಿಕೊಟ್ಟೆ. ಅವನೂ ಅದೇ ಸೀರೆ ಅಂಗಡಿಗೆ ಕೆಲಸ ಕೇಳಲು ಹೋಗಿದ್ದಾನೆ. ಸೀರೆ ಕೊಳ್ಳಲು ಗುಮಾಸ್ತರ ಹೆಂಡತಿ ಬಂದು ಕೂತಿದ್ದಾರೆ. ಅವರು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಗುರುತು ಹತ್ತಿದ ಸಂತೋಷಕ್ಕೆ ಅಂದರು:

"ಅಯ್ಯ, ಇದು ನಮ್ಮನೀ ಅಂಗಿ ಅಲ್ಲೇನು? ಈ ತೋಳಿನ ಗುಂಡಿ ನಾನ ಹಚ್ಚೀನಿ, ದಾರದ ಬಣ್ಣ ನೋಡ್ರಿ ಬೇಕಾದ್ರ."

ಅಂಗಡಿಯವರೆಲ್ಲ ಗುಂಡಿ ನೋಡಿದರಂತೆ. ಆತ ಕೆಲಸ ಕೇಳದೆ ಬಸ್ಸು ಹತ್ತಿದ. ಮರುದಿನ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ನನ್ನ ಮಷಿನ್ನಿನ ಮೇಲಿಟ್ಟ.

"ತಗೋರಿ ಅಕ್ಕಾರ. ಎಲ್ಲಾರೂ ಅಂಗಿ ನೋಡಿದ್ರು. ನನ್ನ ಯಾರೂ ನೋಡ್ಲಿಲ್ಲ."

ಗುಂಡಿಗಳನ್ನು ಬದಲಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಎಲ್ಲ ಅಂಗಿಗಳ ಗುಂಡಿ ಕಿತ್ತು ಬೇರೆ ಹಚ್ಚಿದೆ. ಪ್ರಯೋಜನವಾಗಲಿಲ್ಲ. ಮಾತು ರಬಕವಿಯ ತನಕ ಹಬ್ಬಿತ್ತು. ಬರುತ್ತೇನೆಂದವರು ಬರಲಿಲ್ಲ. ಯಾರೋ ಅದರಲ್ಲಿ ಸತ್ತವರ ಅರಿವಿಯೂ ಇದೆ ಎಂದು ಸೇರಿಸಿದರು. ಗಂಟು ಮೂಲೆಯಲ್ಲಿ ಹಾಗೆಯೇ ಕೂತಿತು.

ಕಟ್ಟೆಯಿಂದ ನಮ್ಮವರು ಅಂದರು, "ನಾ ಮೊದಲ ಹೇಳಿದ್ದಿಲ್ಲ? ಮಂದಿ ಮೈಯಾಗಿಂದ ಇಳದದ್ದು ನಮ್ಮ ಮೈಗೆ ಹತ್ತಂಗಿಲ್ಲ."

"ಎದರಮನ್ಯಾಂವಗ ಹತ್ತೇತಲ್ಲ."

"ಅಂವಗ ಏನ ಕೊಟ್ರೂ ಹತ್ತತೈತಿ ಬಿಡು."

ದಾರಿ ಸಿಕ್ಕಿದ್ದು ನನ್ನ ಟ್ರಂಕಿನಲ್ಲಿ. ಜೇಬಿನ ಒಳಗೆ ಹಾಕಲು ಹಳೆಯ ಬಿಳಿ ಬಟ್ಟೆ ಹುಡುಕುತ್ತಿದ್ದೆ. ಕೈಗೆ ಬಂದವು ಆಯೇರಿ ಪೀಸುಗಳು. ನಮ್ಮ ಕಡೆ ಮದುವೆ, ತೊಟ್ಟಿಲು, ಹೊಸಮನೆ ಯಾವುದೇ ಆಗಲಿ, ಬೀಗರನ್ನು ಕಂಬಳಿಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅಂಗಿ ಪೀಸು ಪ್ಯಾಂಟು ಪೀಸು ಕೈಗಿಡುತ್ತಾರೆ. ಅದೇ ಆಯೇರಿ. ಕೊಟ್ಟವರು ಹೊಲಿಸಿಕೊಳ್ಳಲಿ ಎಂದು ಕೊಟ್ಟಿರುವುದಿಲ್ಲ, ಪಡೆದವರು ಹೊಲಿಸುವುದೂ ಇಲ್ಲ. ಮುಂದಿನ ಮದುವೆಗೆ ಅದೇ ಪೀಸು ಬೇರೆ ಮನೆಗೆ ನಡೆಯುತ್ತದೆ. ನಾನೇ ಕೊಟ್ಟ ಒಂದು ಪೀಸು ಬೀಳಗಿಯ ಬೀಗರ ಮನೆ, ಮುಧೋಳದ ಬೀಗರ ಮನೆ ತಿರುಗಿ, ಕುಂಕುಮದ ಮೇಲೆ ಕುಂಕುಮ ಏರಿಸಿಕೊಂಡು, ನನ್ನ ಟ್ರಂಕಿಗೇ ಮರಳಿ ಬಂದಿತ್ತು.

ಅದನ್ನು ಹಿಡಿದು ಕೂತೆ. ಹೊಸ ಬಟ್ಟೆ. ಯಾರ ಮೈಗೂ ಏರಿದ್ದಲ್ಲ. ಮೇಲಾಗಿ ಆಯೇರಿಯನ್ನು ಬೇಡವೆನ್ನುವ ಗಂಡಸು ನಮ್ಮ ಕಡೆ ಇಲ್ಲ. ಬೇಡವೆಂದರೆ ಕೊಟ್ಟವರಿಗೆ ಅವಮಾನ.

ಮರುದಿನ ಜಮಖಂಡಿಗೆ ಹೋಗಿ ಅಕ್ಕೋರಿಗೆ ಹೇಳಿದೆ: "ಹಳೇದು ಸಾಕ್ರಿ ಅಕ್ಕೋರ. ನಿಮ್ಮ ಮಂದಿ ಹಂತ್ಯಾಕ ಇರೋ ಆಯೇರಿ ಪೀಸ್ ಕೊಡಸ್ರಿ. ನಾ ಹೊಲೀತೀನಿ. ಕೊಡೂದೂ ಆಯೇರಿ ಹಂಗ ಕೊಡೂಣು."

ಅಕ್ಕೋರು ಕಪಾಟು ತೆಗೆದರು. "ಅಗ ಬಾಯಿ, ಇಲ್ಲಿ ಒಂದ ಅಂಗಡೀನ ಅದ. ಹಾಕ್ಕೊಂಡದ್ದು ಕೊಡಾಕ ನಮ್ಮ ಮಂದಿಗೆ ಏನೂ ಅನಸಲಿಲ್ಲ. ಇದನ್ನ ಕೇಳಿದ್ರ ನೋಡು, ಮುಂದಿನ ಲಗ್ನಕ್ಕ ಏನ ಕೊಡೂದು ಅಂತಾರ."

ಹಾಗೆಯೇ ಅಂದರಂತೆ. ಆದರೂ ಪೀಸುಗಳು ಬಂದವು.

ಹೊಸ ತೊಂದರೆಗಳೂ ಬಂದವು. ಆಯೇರಿ ಪೀಸು ಕೊಡಲಿಕ್ಕೆಂದೇ ಮಾಡಿದ ಬಟ್ಟೆ. ಉದ್ದ ಕಡಿಮೆ, ಪನ್ನ ಅಂದರೆ ಅಗಲವೂ ಕಡಿಮೆ. ಮೊದಲ ಅಂಗಿಯನ್ನು ನೆನೆಸದೆ ಕತ್ತರಿಸಿದೆ. ಒಂದೇ ಒಗೆತಕ್ಕೆ ತೋಳು ಮೇಲೇರಿತು. ಅಲ್ಲಿಂದ ಎಲ್ಲವನ್ನೂ ಉಪ್ಪುನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆಯೇ ಕತ್ತರಿ ಹಚ್ಚಿದೆ. ಕುಂಕುಮದ ಕಲೆ ಒಗೆದರೆ ಹೋಗದು. ಕಲೆ ಬಿದ್ದ ಮೂಲೆ ಕಾಲರಿನ ಒಳಪದರಿಗೆ, ಇಲ್ಲವೇ ಜೇಬಿನ ಒಳಮಗ್ಗುಲಿಗೆ ಬರುವಂತೆ ಬಟ್ಟೆ ತಿರುಗಿಸಿ ಗುರುತು ಹಾಕುತ್ತಿದ್ದೆ. ಬಟ್ಟೆ ಸಾಲದಿದ್ದರೆ ತುಂಬುತೋಳು ಬಿಟ್ಟು ಅರ್ಧತೋಳು.

ಚಿಮ್ಮಡದಾತನಿಗೆ ಮೊದಲು ಕೊಟ್ಟೆವು. ಅಕ್ಕೋರೇ ಬಂದು ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಕುಂಕುಮ ಹಚ್ಚಿ, "ನನ್ನ ತಮ್ಮನ ವಾರಿಗೀಯಾಂವ ನೀ. ಅಕ್ಕನ ಕೈಲೇ ತಗೋ" ಅಂದರು. ಆತ ತಲೆಯ ಮೇಲೆ ಟವೆಲ್ ಹಾಕಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಬೀಳಗಿ ರಸ್ತೆಯ ಒಂದು ಗೋದಾಮಿನಲ್ಲಿ ಅವನಿಗೆ ಕೆಲಸವಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಓಣಿಯಲ್ಲಿ ಡಬ್ಬಿ ಕಟ್ಟುವ ಮನೆಗಳು ಹೆಚ್ಚಾದವು. ಮೊದಲು ಒಬ್ಬಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಈಗ ಬೆಳಗ್ಗೆ ಯಾವ ಕಡೆ ಮುಖ ಮಾಡಿ ರಂಗೋಲಿ ಹಾಕಬೇಕು ಎಂಬುದೇ ತಿಳಿಯದಾಯಿತು.

ಅಷ್ಟರಲ್ಲಿ ಕಬ್ಬು ಅರೆಯುವ ಹಂಗಾಮು ಹತ್ತಿರ ಬಂತು. ಮುಧೋಳದ ಕಡೆಯ ಕಾರ್ಖಾನೆಯೊಂದಕ್ಕೆ ಜನ ಒದಗಿಸುವ ಗುತ್ತಿಗೆದಾರರು ಫಿಟ್ಟರ್ ಕೈಕೆಳಗೆ ದುಡಿಯುವವರನ್ನು ಸೋಮವಾರ ನೋಡುತ್ತಾರೆ ಎಂಬ ಸುದ್ದಿ ಬಂತು. ಮಷಿನ್ನಿನ ಕೆಲಸ. ನಮ್ಮವರದೇ ಕೆಲಸ. ಹಂಗಾಮು ಶುರುವಾದರೆ ಮತ್ತೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ.

"ನಿಮಗ ಒಂದ ಜೋಡಿ ಹೊಲೀತೀನಿ. ಹೋಗಿ ಬರ್ರಿ," ಅಂದೆ.

"ನೀ ಹೊಲದು ನೀನ ಕೊಡಾಕಿ. ಹೆಂಡ್ತಿ ಗಂಡಗ ಆಯೇರಿ ಮಾಡಿದ್ದು ಎಲ್ಲೆರ ಕೇಳೀಯೇನು? ಓಣ್ಯಾಗ ನಗ್ತಾರ."

"ಅಕ್ಕೋರ ಕಡೆಯಿಂದ ಕೊಡಸ್ತೀನಿ."

"ಅವರಿಗೆ ನಾ ತಿರುಗಿ ಏನ ಮಾಡ್ಲಿ? ತಿರುಗಿ ಮಾಡಾಕ ಬರಲಾರದ್ದು ಆಯೇರಿ ಅಲ್ಲ, ದಾನ. ಚಿಮ್ಮಡದಾಂವ ತಗೊಂಡ, ಅದ ಅವನ ಮನಸು."

ನನ್ನ ತವರಿನಲ್ಲಿ ಆಯೇರಿ ಮಾಡುವವರು ಯಾರೂ ಉಳಿದಿಲ್ಲ. ನಮ್ಮವರಿಗೆ ಅಕ್ಕತಂಗಿಯರಿಲ್ಲ. ತಿರುಗಿ ಮಾಡಲು ಬರುವಂಥ, ನಮ್ಮ ಸರೀಕಿನ, ಅವರನ್ನು ಅಣ್ಣಾ ಎಂದು ಕರೆಯುವ ಹೆಂಗಸು ಈ ಓಣಿಯಲ್ಲಿ ಒಬ್ಬಳೇ. ಎದುರುಮನೆಯಾಕೆ.

ಎರಡು ದಿನ ಆ ವಿಚಾರವನ್ನು ಬದಿಗೆ ತಳ್ಳಿದೆ. ತಳ್ಳುತ್ತಲೇ ಹೊಲಿದೆ. ಟ್ರಂಕಿಗೆ ಮರಳಿ ಬಂದಿದ್ದ ಆ ಬೂದಿಬಣ್ಣದ ಪೀಸಿನಿಂದ ಪ್ಯಾಂಟು, ಸಣ್ಣ ಚೌಕಡಿಯ ಪೀಸಿನಿಂದ ಅಂಗಿ. ಅಳತೆ ಕೇಳಲಿಲ್ಲ. ಗಂಡನ ಅಳತೆ ಕೇಳುವುದೇನು, ಕೈಗೇ ಗೊತ್ತಿತ್ತು. ಜೇಬಿನ ಬಾಯಿಗೆ ಎರಡೆರಡು ಹೊಲಿಗೆ ಹಾಕಿದೆ, ನಟ್ಟು ಬಿಚ್ಚುವ ಪಾನಾ ಇಟ್ಟುಕೊಂಡರೂ ಹರಿಯದಂತೆ. ಊರಿನ ಯಾವ ಗಂಡಸಿಗೂ ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ. ಶನಿವಾರ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ದಾಟಿದೆ.

ಅವಳು ಹಿಟ್ಟು ಸಾಣಿಸುತ್ತಿದ್ದಳು.

"ಬರ್ರಿ ಅಕ್ಕಾ. ದಾರಿ ತಪ್ಪಿ ಬಂದಂಗ ಬಂದೀರಿ."

"ಒಂದ ಕೆಲಸ ಇತ್ತು."

"ನಿಮಗ ನಮ್ಮ ಹಗ್ಗ ನೋಡೂ ಕೆಲಸನ ರಗಡ ಐತಲ್ರಿ. ನೀವು ನೋಡಿ ನೋಡಿ ನನ್ನ ಗಂಡನ ಪ್ಯಾಂಟಿನ ಬಣ್ಣ ಇಳದೈತಿ."

"ನೀ ಒಳಮಗ್ಗಲ ಹೊರಗ ಮಾಡಲಾರದ ಬಿಸಲಾಗ ಹಾಕ್ತಿ, ಅದಕ್ಕ ಇಳದೈತಿ."

ಅವಳು ನಕ್ಕು ಸಾಣಿಗೆ ಕೆಳಗಿಟ್ಟಳು. ನಾನು ಸೆರಗು ಸರಿಸಿ ಬಟ್ಟೆ ತೋರಿಸಿ ಬಂದ ಕೆಲಸ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಮೊಳೆಗೆ ತೂಗುಹಾಕಿದ್ದ ಡಬ್ಬಿಯ ಚೀಲ ನೋಡುತ್ತಿದ್ದೆ.

ಅವಳು ಪ್ಯಾಂಟಿನ ಸೊಂಟ ಹಿಡಿದು, ಎಳೆದು ನೋಡಿದಳು. ಒಮ್ಮೆ ನಮ್ಮ ಕಟ್ಟೆಯ ಕಡೆ ನೋಡಿದಳು.

"ಮಾಡ್ತೀನಿ. ನಂಗೂ ಒಡಹುಟ್ಟಿದ ಅಣ್ಣ ಇಲ್ಲ. ಆದ್ರ ಒಂದು. ನಿಮ್ಮ ಅರಿವಿ ನನ್ನ ಕೈಯಾಗಿಟ್ಟು ದಾಟಿಸಿದ್ರ ಅದ ಆಯೇರಿ ಅಲ್ಲ, ಹಮಾಲಿ. ನಂದೂ ಏನರ ಇಡ್ತೀನಿ."

"ಏನಿಡ್ತಿ?"

"ಅದ ನಿಮಗ್ಯಾಕ? ನಾ ನನ್ನ ಅಣ್ಣಗ ಇಡೂದು."

ನನ್ನ ಅಣ್ಣ ಅಂದದ್ದು ಮನೆಗೆ ಬರುವ ತನಕ ಕಿವಿಯಲ್ಲಿತ್ತು.

ರವಿವಾರ ಮುಂಜಾನೆ ಅವಳು ಹೊಸ ಸೀರೆ ಉಟ್ಟು, ತಾಟಿನಲ್ಲಿ ಕುಂಕುಮ, ಎಲೆ ಅಡಿಕೆ, ಬಟ್ಟೆ ಇಟ್ಟುಕೊಂಡು ಬಂದಳು. ಹಿಂದೆ ಅವಳ ಗಂಡ. ನಮ್ಮವರು ಗಡ್ಡ ಕೆರೆದು ಮುಖ ಒರೆಸಿಕೊಳ್ಳುತ್ತಿದ್ದರು.

"ಏನ ನಡಸೀರಿ ಇದು?"

"ಅಣ್ಣಾ, ಕುಂದ್ರು. ತಂಗಿ ಮನೀಗೆ ಬಂದ್ರ ನಿಂತು ಮಾತಾಡ್ತಾರೇನು?"

ಅವರು ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ನೋಡಿದೆ. ಅವರು ಕಂಬಳಿಯ ಮೇಲೆ ಕೂತರು. ಎಷ್ಟು ಸಲ ನಾನು ಕೇಳಿಕೊಂಡರೂ ಏಳದವರು ಅವಳು ಒಂದು ಸಲ ಅಂದದ್ದಕ್ಕೆ ಕೂತರು. ಕುಂಕುಮಕ್ಕೆ ಹಣೆ ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡರು. ಕಣ್ಣು ತುಂಬಿದವು, ಅದನ್ನು ಮರೆಸಲು ಟವೆಲ್ ಹುಡುಕಿದರು. ಆ ಕಣ್ಣೀರಿನಲ್ಲಿ ನನ್ನ ಪಾಲು ಎಷ್ಟು, ಅವಳ ಪಾಲು ಎಷ್ಟು ಎಂದು ಅಲ್ಲೇ ನಿಂತು ಲೆಕ್ಕ ಹಾಕಿದವಳು ನಾನು.

ಅಂಗಿಯ ಮಡಿಕೆಯ ಒಳಗೆ ಅವಳು ಇಟ್ಟದ್ದು ಒಂದು ಕಪ್ಪು ಬೆಲ್ಟು.

ಅವರು ಒಳಗೆ ಹೋಗಿ ಹಾಕಿಕೊಂಡು ಬಂದರು. ಅಂಗಿಯ ಭುಜ ಸರಿ ಕೂತಿತ್ತು. ಪ್ಯಾಂಟಿನ ಉದ್ದ ಸರಿ ಇತ್ತು. ಸೊಂಟವನ್ನು ಮಾತ್ರ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಟ್ಟರೆ ಇಳಿಯುತ್ತಿತ್ತು. ಮಗ್ಗದಲ್ಲಿ ದುಡಿಯುತ್ತಿದ್ದಾಗಿನ ಗಂಡನ ಸೊಂಟಕ್ಕೆ ನಾನು ಹೊಲಿದಿದ್ದೆ.

"ವೈನಿ," ಅಂದಳು ಅವಳು. ಅಲ್ಲಿಯ ತನಕ ನಾನು ಅಕ್ಕ, ಆ ಕ್ಷಣದಿಂದ ಅವಳ ಅಣ್ಣನ ಹೆಂಡತಿ. "ವೈನಿ, ನೀವು ಮಷಿನ್ ಕಡೆ ಮುಖ ಮಾಡಿ ಕುಂತಿರ್ತೀರಿ. ನಾ ದಿನಾ ಎದರಿಗಿಂದ ಕಟ್ಟಿ ನೋಡ್ತೀನಿ. ಅಣ್ಣ ಎಷ್ಟ ಇಳದಾನ ನಂಗ ಗೊತ್ತೈತಿ. ಅದಕ್ಕ ಬೆಲ್ಟ್ ತಂದೆ."

ಊರಿನ ಗಂಡಸರ ಸೊಂಟಕ್ಕೆಲ್ಲ ಟೇಪು ಸುತ್ತಿದ ನಾನು ಸೂಜಿದಾರದ ಡಬ್ಬಿಗೆ ಕೈ ಹಾಕಿದೆ.

"ತಗೀರಿ ಇತ್ತಾಗ, ಈಗ ಹಿಡದು ಕೊಡ್ತೀನಿ," ಅಂದೆ.

"ಇರ್ಲಿ ಬಿಡು," ಅಂದರು ನಮ್ಮವರು, ಬೆಲ್ಟು ಬಿಗಿಯುತ್ತ. "ಬೆಲ್ಟ್ ಐತಲ್ಲ."

ಸೋಮವಾರ ಮುಧೋಳದ ಬಸ್ಸಿಗೆ ಹೋದರು. ನಾನು ಅಂದು ಒಂದು ಜಂಪರಿನ ತೋಳನ್ನು ತಿರುವುಮುರುವು ಕೂಡಿಸಿ ಬಿಚ್ಚಿದೆ. ಸಂಜೆ ಮುಂದೆ ಓಣಿಯ ತಿರುವಿನಲ್ಲಿ ನಮ್ಮವರ ಮದುವೆಯ ಬೂಟಿನ ಸದ್ದು ಕೇಳಿತು. ನಾನು ಕಾಲು ಮಷಿನ್ನಿನಿಂದ ತೆಗೆದೆ. ಬೂಟು ಎದುರುಮನೆಯ ಮುಂದೆ ನಿಂತಿತು. ಅವಳು ಬಾಗಿಲಲ್ಲಿ ಕೂತಿದ್ದಳಲ್ಲ.

"ಏನಾತೋ ಅಣ್ಣಾ?"

"ನಾಳಿಯಿಂದ ಬಾ ಅಂದಾರವಾ. ಒಂದ ಪಂಪು ಚಾಲೂ ಮಾಡಿ, ಏನ ಕೆಟ್ಟೈತಿ ಹೇಳು ಅಂದ್ರು. ಸದ್ದ ಕೇಳಿ ಹೇಳಿದೆ."

ದಿನವಿಡೀ ಕಾಯ್ದಿದ್ದ ಸುದ್ದಿಯನ್ನು ನಾನು ನನ್ನ ಮನೆಯಲ್ಲಿ ಕೂತು, ಓಣಿಯ ಆಚೆಯಿಂದ ಕೇಳಿಸಿಕೊಂಡೆ. ಆಮೇಲೆ ಒಳಗೆ ಬಂದು ನನಗೂ ಅದನ್ನೇ ಹೇಳಿದರು. ಹೊಸದಾಗಿ ಕೇಳುವಂತೆ ಕೇಳಿದೆ. ಸಂತೋಷ ಸುಳ್ಳಾಗಿರಲಿಲ್ಲ. ಉರಿಯೂ ಸುಳ್ಳಾಗಿರಲಿಲ್ಲ.

ಮಂಗಳವಾರ ಮೊದಲ ಪಾಳಿ. ಡಬ್ಬಿಯ ಮುಚ್ಚಳವನ್ನು ನಾನೂ ಸದ್ದು ಬರುವಂತೆ ಹಾಕಿದೆ. ದಿನವಿಡೀ ಮೂಲೆಯ ಹಳೆಯ ಗಂಟು ಬಿಚ್ಚಿ ಚೀಲ ಹೊಲಿದೆ. ಸಂಜೆ ಅವರು ಗ್ರೀಸು ಕೈಯಲ್ಲೇ ಬಂದರು; ಸೀಮೆಎಣ್ಣೆ ಸಿಗದೆ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿ ತೊಳೆಸಿದೆ. ಬಾಯ್ಲರಿನ ಮಾತು, ರಸದ ಪಂಪಿನ ಮಾತು, ಫಿಟ್ಟರನ ಸಿಟ್ಟಿನ ಮಾತು ಹೇಳುತ್ತಲೇ ಇದ್ದರು. ನಡುವೆ ಒಂದು ಮಾತು: "ಪಗಾರ ಆದಮ್ಯಾಲ ಆಕಿಗೆ ಒಂದ ಖಣ ತರಬೇಕು. ತಂಗಿಗೆ ತಿರುಗಿ ಮಾಡಬೇಕಲ್ಲ. ನೀನ ಆರಿಸು, ನಿಂಗ ಅರಿವಿ ತಿಳೀತೈತಿ."

"ಆರಿಸ್ತೀನಿ," ಅಂದೆ. ಯಾವ ಬಣ್ಣ ಅವಳಿಗೆ ಒಪ್ಪುವುದಿಲ್ಲ ಎಂದು ಆಗಲೇ ಯೋಚಿಸತೊಡಗಿದ್ದೆ.

ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇತ್ತು. ಎದುರುಮನೆಯಿಂದ ಗೋಧಿ ಹುಗ್ಗಿ ಬಂತು, ಮೇಲೆ ತುಪ್ಪ. ಅವರು ಮೊದಲು ಹುಗ್ಗಿಗೇ ಕೈ ಹಾಕಿದರು. ನನಗೆ ಬೇಡ ಅಂದೆ. ಆಮೇಲೆ ಪಾತ್ರೆಯ ತಳದ್ದನ್ನು ಬಳಿದು ತಿಂದೆ; ಬೆಲ್ಲ ಹದವಾಗಿತ್ತು, ಹೇಳಲಿಕ್ಕೆ ಏನೂ ಇರಲಿಲ್ಲ.

ಮೊದಲು ಮಲಗಿದವರು ಅವರು. ಪಾತ್ರೆ ತೊಳೆದು ಬರುವಷ್ಟರಲ್ಲಿ, ಪ್ಯಾಂಟಿನಲ್ಲೇ, ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದರು. ಎಚ್ಚರವಾಗದಂತೆ ಬೆಲ್ಟು ಬಿಚ್ಚಿ ತೆಗೆದೆ. ಅವರು ಕೊಂಡಿ ಸಿಕ್ಕಿಸಿದ್ದ ತೂತು ಒಂದೇ ದಿನಕ್ಕೆ ಸ್ವಲ್ಪ ಹಿಗ್ಗಿತ್ತು. ಬೆಲ್ಟನ್ನು ನೆಲದ ಮೇಲೆ ಉದ್ದಕ್ಕೆ ಚಾಚಿ, ಕೊಂಡಿಯಿಂದ ಆ ತೂತಿನ ತನಕ ಟೇಪು ಹಿಡಿದೆ. ನನ್ನ ಗಂಡನ ಸೊಂಟ ಈಗ ಎಷ್ಟು ಎಂದು ಅವಳು ಕೊಟ್ಟ ಬೆಲ್ಟಿನಿಂದ ನನಗೆ ತಿಳಿಯಿತು. ಆ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡು, ನಸುಕಿನಲ್ಲಿ ಎದ್ದು ಸೊಂಟ ಹಿಡಿದರಾಯಿತೆಂದು ದೀಪ ಆರಿಸಿ ಮಲಗಿದೆ.